ಎಡಗಣ್ಣು ಕಾಣದ ಕುದುರೆ ಮತ್ತು ಲಾಯದ ತಾತ

ಮೊನ್ನೆ ಭಾನುವಾರ ಬೆಳಿಗ್ಗೆ ಕುಕ್ಕರ್ ಮುಚ್ಚಳ ತೆಗೆದೆ ನೋಡಿ, ಬೆಂದ ಹುರುಳಿಯ ವಾಸನೆ ಗಮ್ಮಂತ ಮುಖಕ್ಕೆ ಬಡಿಯಿತು. ಚಾಮರಾಜಪುರಂನ ನಮ್ಮ ಬೀದಿಯಲ್ಲಿ ಈ ವಾಸನೆಗೆ ಎಲ್ಲರಿಗೂ ನೆನಪಾಗುವುದು ಕಟ್ಟಿನ ಸಾರು, ಮುದ್ದೆ. ನನಗೆ ಮಾತ್ರ ಕುದುರೆ ಲಾಯ. ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ...

ನನಗಾಗ ಹನ್ನೆರಡು ವರ್ಷ. ಕಡಕೊಳದ ಹತ್ತಿರ ಒಂದು ಚಿಕ್ಕ ಸವಾರಿ ಶಾಲೆ ಇತ್ತು. ಭಾನುವಾರ ಅಪ್ಪ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಅಲ್ಲಿ ಕುದುರೆಗಳ ಮೈ ಉಜ್ಜಿ, ಲದ್ದಿ ಬಾಚಿ, ಹುರುಳಿ ಬೇಯಿಸುತ್ತಿದ್ದವರನ್ನು ನಾವು ಮಕ್ಕಳು ತಾತ ಎನ್ನುತ್ತಿದ್ದೆವು. ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಬೇಯಿಸಿದ ಹುರುಳಿಯ ಕಟ್ಟನ್ನು ತಾತ ತಮ್ಮ ಮನೆಯ ಸಾರಿಗೆ ಒಯ್ಯುತ್ತಿದ್ದರು, ಕಾಳು ಕುದುರೆಗೆ.

ಅಲ್ಲೊಂದು ಕಂದು ಹೆಣ್ಣುಕುದುರೆಗೆ ಪೊರೆ ಬಂದು ಎಡಗಣ್ಣು ಪೂರ್ತಿ ಹೋಗಿತ್ತು. ಸವಾರಿಗೆ ಬಾರದ್ದನ್ನು ಇಟ್ಟುಕೊಂಡು ಏನು ಮಾಡುವುದು, ಕಳಿಸಿಬಿಡೋಣ ಎಂದರು ಶಾಲೆಯ ಯಜಮಾನರು. ಎಲ್ಲಿಗೆ ಎಂದು ತಾತ ಕೇಳಲಿಲ್ಲ. ಅವರಿಗೆ ಗೊತ್ತಿತ್ತು. ಆ ವರ್ಷ ಸವಾರಿ ಕಲಿಯುವ ಮಕ್ಕಳಿಗೆ ಕುದುರೆಯ ತಿಳಿವಳಿಕೆಯ ಸ್ಪರ್ಧೆ ಇತ್ತು. ನಾವು ಮೂವರು ಹುಡುಗಿಯರು ಹೆಸರು ಕೊಟ್ಟಿದ್ದೆವು. ತಾತ ಅದನ್ನೇ ಹಿಡಿದುಕೊಂಡರು.

"ಸವಾರಿಗೆ ಬ್ಯಾಡ ಸ್ವಾಮಿ, ಮಕ್ಕಳ ಪಾಠಕ್ಕಾದ್ರೂ ಇರ್ಲಿ. ನಾನೇ ಕಲಿಸ್ತೀನಿ."

ಯಜಮಾನರು ನಕ್ಕರು. "ಕಪ್ ತಂದ್ರೆ ಇಟ್ಕೊಳಯ್ಯಾ. ಇಲ್ಲಾಂದ್ರೆ ಮತ್ತೆ ಈ ಮಾತು ಎತ್ಬೇಡ."

ಸ್ಪರ್ಧೆಗೆ ಓದಬೇಕಾದ ಪುಸ್ತಕ ಇಂಗ್ಲಿಷಿನದು, ತಾತನಿಗೆ ಓದು ಬಾರದು. ನಾನು ಅಮ್ಮನ ಸ್ಟಿಕ್ಕರ್ ಬೊಟ್ಟುಗಳನ್ನು ಕದ್ದು ಒಯ್ಯುತ್ತಿದ್ದೆ. ಚಿತ್ರ ನೋಡಿಕೊಂಡು ಕುದುರೆಯ ಹೆಗಲಿಗೊಂದು, ಮಂಡಿಗೊಂದು, ಗೊರಸಿನ ಮೇಲೊಂದು ಬೊಟ್ಟು ಅಂಟಿಸಿ, "ಇದ್ಕೆ ಇಂಗ್ಲಿಷ್ನೋರು ಏನಂತಾರೆ, ಹೇಳಮ್ಮ" ಎನ್ನುತ್ತಿದ್ದರು ತಾತ. ಕುದುರೆ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಿಂತಿರುತ್ತಿತ್ತು. ಅದರ ಹೊಟ್ಟೆಗೆ ಕಿವಿಯಿಟ್ಟು ಕೇಳುವುದನ್ನೂ ಅವರೇ ಕಲಿಸಿದ್ದು. "ಒಳಗೆ ಗುಡುಗುಡು ಅಂತಿರ್ಬೇಕು ಕಣಮ್ಮ. ಸುಮ್ಗಾಗ್ಬುಟ್ರೆ ನಾವು ಗಾಬ್ರಿ ಬೀಳ್ಬೇಕು." ಹತ್ತಿರ ಹೋಗುವಾಗ ಮಾತ್ರ ಮೊದಲು ಮಾತಾಡಿಸಿ, ಅದಕ್ಕೆ ಕಣ್ಣು ಕಾಣುವ ಬಲಗಡೆಯಿಂದಲೇ ಹೋಗಬೇಕಿತ್ತು. ಮೂರು ತಿಂಗಳು ಹಾಗೇ ಹೋದೆವು.

ಸ್ಪರ್ಧೆ ನಡೆದದ್ದು ನಜರ್‌ಬಾದ್ ಕಡೆಯ ಮೈದಾನದಲ್ಲಿ. ಬರೆಯುವ ಸುತ್ತಿನಲ್ಲಿ ನಾವೇ ಮುಂದು. ಕೊನೆಯ ಸುತ್ತಿನಲ್ಲಿ ಸ್ಪರ್ಧೆಯವರೇ ತಂದು ನಿಲ್ಲಿಸಿದ ಬೇರೆ ಕುದುರೆಯ ಹತ್ತಿರ ಹೋಗಿ, ಅದನ್ನು ಹಿಡಿದು ನಡೆಸಬೇಕು. ಎಡಗಡೆಯಿಂದ ಹೋಗಬೇಕೆಂಬುದು ಪುಸ್ತಕದ ಮೊದಲ ಪಾಠ. ಆ ಬೆಳಿಗ್ಗೆ ತಾನೇ ಉತ್ತರ ಪತ್ರಿಕೆಯಲ್ಲಿ ಹಾಗೇ ಬರೆದಿದ್ದೆ. ಆದರೆ ಕಾಲು ಕೇಳಬೇಕಲ್ಲ! ಒಬ್ಬಳಾದ ಮೇಲೆ ಒಬ್ಬಳು, ಮೂವರೂ ಸೀದಾ ಬಲಗಡೆಗೆ ಹೋಗಿ ನಿಂತೆವು. ಬೇಲಿಯಾಚೆ ತಾತ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟರು.

"ಯಾಕಮ್ಮ ಎಲ್ಲರೂ ಈ ಕಡೆ?" ಎಂದು ತೀರ್ಪುಗಾರರು ನನ್ನನ್ನು ಕೇಳಿದರು.

"ನಮ್ಮ ಕುದುರೆಗೆ ಆ ಕಡೆ ಕಣ್ಣು ಕಾಣ್ಸಲ್ಲ ಸರ್," ಎಂದವಳೇ ಗೊಳೋ ಎಂದು ಅತ್ತೆ. ಅವರು ತಲೆ ಸವರಿದರು, ಅಂಕ ಮಾತ್ರ ಕಳೆದೇ ಕಳೆದರು.

ಬಂದದ್ದು ಮೂರನೆಯ ಬಹುಮಾನ. ಕಾಫಿ ಲೋಟಕ್ಕಿಂತ ಚಿಕ್ಕ ಕಪ್. ಇದೇನಿದು ಎಂದು ಯಜಮಾನರು ಮುಖ ಗಂಟು ಹಾಕಿಕೊಂಡರು. ತಾತ ಅದನ್ನು ಪಂಚೆಯ ಅಂಚಿನಿಂದ ಒರೆಸಿ ಅವರ ಮೇಜಿನ ಮೇಲಿಟ್ಟರು.

"ಕಪ್ ಅಂದ್ರಿ ಸ್ವಾಮಿ. ಎಷ್ಟುದ್ದ ಅಂತ ಹೇಳ್ಲಿಲ್ವಲ್ಲ."

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಕುದುರೆ ಉಳಿಯಿತು. ಅಬ್ಬಾ, ಅವತ್ತಿನ ಖುಷಿಯೇ ಖುಷಿ! ಅದೇ ಕಪ್ಪಿಗೆ ಹುರುಳಿ ತುಂಬಿ, ಬಲಗಡೆಯಿಂದಲೇ ಹೋಗಿ ತಿನ್ನಿಸಿದೆವು.

ತಾತ ಆ ಕುದುರೆಗಿಂತ ಮೊದಲು ಹೋದರು. ಆಗ ನಾನು ಕಾಲೇಜಿನಲ್ಲಿದ್ದೆ, ಸುದ್ದಿ ತಡವಾಗಿ ತಿಳಿಯಿತು. ಹೋಗಿ ನೋಡಿದರೆ ಕುದುರೆ ಬಲಗಣ್ಣನ್ನು ಗೇಟಿನ ಕಡೆ ಮಾಡಿಕೊಂಡು ನಿಂತಿತ್ತು. ಹುರುಳಿ ಹಿಡಿದೆ, ತಿಂದಿತು. ತಿಂದು, ಮತ್ತೆ ಗೇಟಿನ ಕಡೆಗೇ ತಿರುಗಿತು...

ಈಗ ಭಾನುವಾರಗಳಂದು ನಾನೇ ಮಕ್ಕಳನ್ನು ಅಂಥ ಸ್ಪರ್ಧೆಗಳಿಗೆ ತಯಾರು ಮಾಡುತ್ತೇನೆ. ಮೊನ್ನೆಯೂ ಕಟ್ಟನ್ನು ಸಾರಿಗೆ ಬಸಿದಿಟ್ಟು, ಕಾಳನ್ನು ಡಬ್ಬಿಗೆ ತುಂಬಿಕೊಂಡು ಲಾಯಕ್ಕೆ ಹೋದೆ. ನಮ್ಮ ಈಗಿನ ಕುದುರೆಗೆ ಎರಡು ಕಣ್ಣೂ ಸೊಗಸಾಗಿವೆ. ಎಡಗಡೆಯಿಂದ ಹೋಗಿ ಎಂದು ಮಕ್ಕಳಿಗೆ ಹತ್ತು ಸಲ ಹೇಳಿ, ನಾನು ಬಲಗಡೆಗೆ ಹೋಗಿ ನಿಂತಿದ್ದೆ. ಮಕ್ಕಳು ಬಿದ್ದು ಬಿದ್ದು ನಕ್ಕವು.

"ಆಂಟಿ, ನಿಮ್ಗೆ ಯಾರು ಕಲಿಸಿದ್ದು? ಹೆಸರೇನು ಅವರ್ದು?" ಎಂದಳು ಒಬ್ಬ ಹುಡುಗಿ.

ಹೇಳಲು ಬಾಯಿ ತೆರೆದೆ. ಅಷ್ಟು ವರ್ಷದಲ್ಲಿ ಒಂದು ದಿನವೂ ನಾನು ಅವರ ಹೆಸರು ಕೇಳಿರಲಿಲ್ಲ.

"ನಮ್ಮ ತಾತ ಕಣಮ್ಮ," ಎಂದೆ.