ಕಂಪ್ಯೂಟರಿನ ನೆತ್ತಿ ಮುಟ್ಟುವ ಕಾಂಚನಾ

ಮುಟ್ಟಿದ್ದನ್ನೆಲ್ಲ ಚಿನ್ನ ಮಾಡುವ ಕೈಗಳ ಕಥೆ ನೀವು ಕೇಳಿರಬಹುದು. ಬನಹಟ್ಟಿಯ ಕಾಂಚನಾಳ ಅಂಗೈ ಮುಂದೆ ಅವೆಲ್ಲ ಏನೂ ಅಲ್ಲ. ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ಸಂಜೆಯ ಬಸ್ಸಿಳಿದು ಬಂದವಳು ನೀರು ಕುಡಿಯುವುದಿಲ್ಲ, ಅತ್ತೆಯನ್ನು ಮಾತಾಡಿಸುವುದಿಲ್ಲ. ನೇರ ಮೂಲೆಗೆ ಹೋಗಿ ಕಂಪ್ಯೂಟರ್ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾಳೆ. ಆ ಗಳಿಗೆಯಲ್ಲಿ ಓಣಿಯ ಮಗ್ಗಗಳು ಸದ್ದಡಗಿಸುತ್ತವೆ, ಲೋಕಾಪುರದ ಲಾರಿಗಳು ಹಾರ್ನ್ ಮರೆಯುತ್ತವೆ, ತಿಮ್ಮಾಪುರದ ಬೇಟೆನಾಯಿಗಳು ಓಡುತ್ತಿದ್ದಲ್ಲೇ ನಿಂತು ಬನಹಟ್ಟಿಯ ಕಡೆ ತಲೆ ಎತ್ತುತ್ತವೆ. ಹಾಗೆಂದು ಓಣಿಯ ಜನ ಹೇಳುತ್ತಾರೆ.

ಇದನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವನು ಇಡೀ ಓಣಿಯಲ್ಲಿ ಒಬ್ಬನೇ, ಅವಳ ಗಂಡ ನಿಂಗಣ್ಣ. ಮನೆಯ ಹಿಂದೆ ನಾಲ್ಕು ಪವರ್‌ಲೂಮಿನ ಸಾಮ್ರಾಜ್ಯ ಆಳುವ ಈ ದೊರೆಗೆ ಶತ್ರು ಒಂದು ತಗಡಿನ ಪೆಟ್ಟಿಗೆ.

ಪೆಟ್ಟಿಗೆಯೊಳಗೆ ನಡೆಯುವುದಿಷ್ಟು. ಅಣು ರಿಯಾಕ್ಟರಿನಲ್ಲಿ ವಿಕಿರಣದ ಹೊಡೆತ ತಿಂದ ಲೋಹ ಕಾಲಕ್ರಮೇಣ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಯಾವ ಮಿಶ್ರಲೋಹ ಹೆಚ್ಚು ತಾಳುತ್ತದೆಂದು ನೋಡಲು ಬನಹಟ್ಟಿಯಲ್ಲಿ ರಿಯಾಕ್ಟರ್ ಎಲ್ಲಿದೆ? ಆದ್ದರಿಂದ ಕಾಂಚನಾ ತನ್ನ ಪಿಎಚ್‌ಡಿಗಾಗಿ ಕಂಪ್ಯೂಟರಿನೊಳಗೇ ಕಬ್ಬಿಣ, ನಿಕ್ಕಲ್, ಕ್ರೋಮಿಯಂ ಪರಮಾಣುಗಳನ್ನು ಮಗ್ಗದ ಹಾಸಿನ ಎಳೆಗಳಂತೆ ಸಾಲಾಗಿ ನಿಲ್ಲಿಸಿ, ಒಂದಕ್ಕೆ ಜೋರಾಗಿ ಏಟು ಕೊಡುತ್ತಾಳೆ. ಅದು ಪಕ್ಕದ್ದಕ್ಕೆ ಗುದ್ದುತ್ತದೆ, ಪಕ್ಕದ್ದು ಇನ್ನೊಂದಕ್ಕೆ, ಸಾಲೆಲ್ಲ ಚೆಲ್ಲಾಪಿಲ್ಲಿ. ಆಮೇಲೆ ಬಹುಪಾಲು ತಿರುಗಿ ಸಾಲಿಗೆ ಬಂದು ನಿಲ್ಲುತ್ತವೆ. ಖಾಲಿ ಜಾಗ ಕಡಿಮೆ ಉಳಿದಷ್ಟೂ ಲೋಹ ಗಟ್ಟಿ. ನಿಜದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಈ ಗಲಾಟೆಯನ್ನು ಲೆಕ್ಕ ಹಾಕಲು ಕಂಪ್ಯೂಟರಿಗೆ ದಿನಗಟ್ಟಲೆ ಬೇಕು.

“ನೋಡ್ರಿ, ಎಷ್ಟ ಛಂದ ತಮ್ಮ ತಮ್ಮ ಜಾಗಕ್ಕ ಬಂದು ನಿಂತಾವು,” ಎಂದಳು ಒಮ್ಮೆ.

“ನಾನೂ ದಿನಾ ರಬಕವಿಗೆ ಚಾ ಕುಡ್ಯಾಕ ಹೋಗಿ ತಿರುಗಿ ಬರತೇನಿ,” ಎಂದ ನಿಂಗಣ್ಣ. “ಒಂದ ದಿನರೆ ಛಂದ ಅಂದಿಯೇನು?”

“ನೀ ಬರೂದು ಊಟಕ್ಕಲೇ ನಿಂಗ್ಯಾ,” ಎಂದಳು ತಾಯಿ ಬೋರವ್ವ.

ಈ ಬೇಸಿಗೆಯಲ್ಲಿ ನಿಂಗಣ್ಣನಿಗೆ ಜ್ವರ ಬಂತು. ಬಂದದ್ದು ಸಣ್ಣ ಜ್ವರ, ನರಳಾಟ ಮಾತ್ರ ಚಿಮ್ಮಡದವರೆಗೆ ಕೇಳುವಂಥದ್ದು. ಸಂಜೆ ಹೆಂಡತಿ ಬರುವ ಹೊತ್ತಿಗೆ ಕೂದಲು ಹಿಂದೆ ಸರಿಸಿ, ಹಣೆಯನ್ನು ಪೂರ್ತಿ ತೆರೆದು ಸಿದ್ಧನಾಗಿ ಮಲಗಿದ. ಕಾಂಚನಾ ಬಂದಳು. ಮಂಚ ದಾಟಿದಳು. ಅಂಗೈ ಪೆಟ್ಟಿಗೆಯ ಮೇಲಿಟ್ಟಳು.

“ಅಯ್ಯ, ಭಾಳ ಸುಡಾಕತ್ತೈತಿ,” ಎಂದವಳೇ ಗಂಡನ ಕಡೆ ತಿರುಗಿದ್ದ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದಳು.

ಯುದ್ಧ ಘೋಷಣೆಗೆ ಇನ್ನೇನು ಬೇಕು?

ಮರುದಿನ ಅವಳು ಬಸ್ ಹತ್ತಿದ ಮೇಲೆ ನಿಂಗಣ್ಣ ಕಂಬಳಿ ಹೊದ್ದುಕೊಂಡೇ ದಂಡೆತ್ತಿ ಹೋಗಿ ಸ್ವಿಚ್ ಆರಿಸಿದ. ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡು ವಿಜಯೋತ್ಸವ ಆಚರಿಸಿದ. ಅವನಿಗೆ ಅಳುಕಿರಲಿಲ್ಲ. ಹುಟ್ಟು ನೇಕಾರ, ಎಳೆ ಹರಿದರೆ ಮಗ್ಗ ನಿಲ್ಲಿಸಿ, ಗಂಟು ಹಾಕಿ, ನಿಂತಲ್ಲಿಂದಲೇ ಮತ್ತೆ ನೇಯ್ದವನು. ಹೆಂಡತಿಯ ಯಂತ್ರವೂ ನಿಲ್ಲಿಸಿದಲ್ಲಿಂದ ಹೊರಡುತ್ತದೆಂದು ನಂಬಿದ್ದ.

“ಅದು ವಾರದಿಂದ ಓಡಾಕತ್ತಿತ್ತಲೋ,” ಎಂದಳು ಬೋರವ್ವ. “ನಡುವ ನಿಂತ್ರ ಕೆಲಸ ಹಾಳು ಅಂತ ನಿನ್ನಿ ಹೇಳ್ಯಾಳ. ನೀ ನರಳೂದ್ರಾಗ ಕೇಳಿಸಿಲ್ಲೇನು?”

ನಿಂಗಣ್ಣ ಬೆವರಿದ. ಔಷಧಕ್ಕೆ ಬಗ್ಗದ ಜ್ವರ ಆ ಬೆವರಿಗೆ ಇಳಿಯಿತು.

ಸಂಜೆ ಕಾಂಚನಾ ಅಂಗೈ ಇಟ್ಟಳು. ಪೆಟ್ಟಿಗೆ ತಣ್ಣಗಿತ್ತು. ಅವಳು ತಿರುಗುವ ಮೊದಲೇ ದೊರೆ ಶರಣಾದ.

“ನಾನ ಬಂದ್ ಮಾಡೇನಿ. ಗಂಟ ಹಾಕಿ ಚಾಲೂ ಮಾಡಾಕ ಬರತೈತಿ ಅಂದಕೊಂಡೆ.”

ಅವಳು ಸ್ವಿಚ್ ಹಾಕಿ ಪರದೆ ನೋಡಿದಳು. “ನಮ್ಮೂರ ಕರೆಂಟ ನಂಬಾಕ ಆಗೂದಿಲ್ಲಂತ ದಿನಾ ಮುಂಜಾನಿ ಆಗಿದ್ದಷ್ಟು ಉಳಿಸಿ ಇಡತೇನಿ. ಇವತ್ತಿಂದಷ್ಟ ಹೋತು. ಮತ್ತ ಮಾಡತೈತಿ.”

ಮಹಾಯುದ್ಧದಲ್ಲಿ ಶತ್ರುವಿಗಾದ ನಷ್ಟ ಇಷ್ಟೇ ಎಂದು ತಿಳಿದಾಗ ನಿಂಗಣ್ಣನಿಗೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಯಿತು.

“ಖರೆ ಹೇಳ ಕಾಂಚನಾ,” ಎಂದ. “ನಿನಗ ಅದು ಹೆಚ್ಚೋ ನಾ ಹೆಚ್ಚೋ? ಅದರ ನೆತ್ತಿ ದಿನಾ ಮುಟ್ಟತಿ. ಜ್ವರ ಬಂದ್ರೂ ನನ್ನ ಹಣಿ ಮುಟ್ಟಲಿಲ್ಲ.”

ಒಳಗೆ ಬೋರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

“ನಿಮಗ ಜ್ವರ ಬಂದ್ರ ಓಣಿ ತುಂಬ ಹೇಳತೀರಿ,” ಎಂದಳು ಕಾಂಚನಾ. “ಅದರ ಒಳಗಿನ ಫ್ಯಾನ್ ಕೆಟ್ಟೈತ್ರಿ. ಅದು ಸುಡೂದು ಮುಟ್ಟಿ ನೋಡದ ಗೊತ್ತಾಗೂದಿಲ್ಲ. ನಾಳೆ ಜಮಖಂಡಿಂದ ಹೊಸಾದು ತರಬೇಕು, ಮುಂಜಾನಿ ನೆನಪ ಮಾಡ್ರಿ.”