ಕನ್ನಡಕಕ್ಕೆ ಕಟ್ಟಿದ ಕಪ್ಪು ದಾರ

ಡಾಕ್ಟರಮ್ಮನ ಕನ್ನಡಕದ ಎರಡು ಕಡ್ಡಿಗಳ ತುದಿಗೂ ಗಾಯ ಹೊಲಿಯುವ ಕಪ್ಪು ರೇಷ್ಮೆ ದಾರ ಕಟ್ಟಿರುತ್ತಿತ್ತು. ಅದು ಕಿವಿಯ ಹಿಂದಿನಿಂದ ಹಾದು ತುರುಬಿನ ಅಡಿಯಲ್ಲಿ ಗಂಟಾಗುತ್ತಿತ್ತು. ಎಷ್ಟು ಬಿಗಿಯಾಗಿ ಕಟ್ಟುತ್ತಿದ್ದರೆಂದರೆ ಮೂಗಿನ ಎರಡೂ ಬದಿಯಲ್ಲಿ ಕೆಂಪು ಗುಳಿ ಬಿದ್ದಿತ್ತು. ಹೆರಿಗೆ ಮಾಡಿಸುವಾಗ ಬಗ್ಗಿದರೆ ಕನ್ನಡಕ ಬೀಳಬಾರದೆಂದು ಹಾಗೆ ಕಟ್ಟಿಕೊಳ್ಳುತ್ತಾರೆ ಎಂದು ಆಸ್ಪತ್ರೆಗೆ ಬರುವವರೆಲ್ಲ ತಿಳಿದಿದ್ದರು. ನಿಜವಾದ ಕಾರಣ ಪೂರ್ತಿಯಾಗಿ ಗೊತ್ತಿದ್ದುದು ಅವರಿಗೆ ಮತ್ತು ನನಗೆ. ಅವರು ಈಗ ಇಲ್ಲ. ಆ ದಾರ ಕಟ್ಟಿಕೊಳ್ಳುವಂತೆ ಮಾಡಿದ ವಕೀಲರೂ ಇಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ವಕೀಲರ ವಿಷಯದಲ್ಲಿ ಅದು ನನ್ನಿಂದಾಗದು, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಐವತ್ತರ ದಶಕದ ನಡುವಿನಲ್ಲಿ ನಾನು ಕುಂಬ್ರದ ಕಡೆಯಿಂದ ಬಂದು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದೆ. ಸೇರಿದ ವರ್ಷವೇ ಟೈಫಾಯ್ಡ್ ಹಿಡಿದು ಮೂರು ವಾರ ಆಸ್ಪತ್ರೆಯಲ್ಲಿ ಮಲಗಿದೆ. ಜ್ವರ ಇಳಿದ ಮೇಲೆ ಹೊತ್ತು ಹೋಗದೆ ಹಾಸಿಗೆಯ ಮೇಲೆ ಇಸ್ಪೀಟೆಲೆ ಹರಡಿಕೊಂಡು ಒಬ್ಬನೇ ಆಡುತ್ತಿದ್ದೆ. ಡಾಕ್ಟರಮ್ಮ ನಾಡಿ ನೋಡಲು ಬಂದವರು ಎಲೆಗಳನ್ನೆಲ್ಲ ಮಗುಚಿ ಹಾಕಿ, "ಯಾವ್ದೆಲ್ಲ ಹೋಯ್ತು ಹೇಳಿ ನೋಡುವ" ಎಂದರು. ನಾನು ಒಂದೂ ಬಿಡದೆ ಹೇಳಿದೆ. ಅವರು ನನ್ನ ನಾಡಿಯನ್ನು ಬಿಟ್ಟು ಮುಖ ನೋಡಿದರು. ಬಿಡುಗಡೆಯ ದಿನ ಔಷಧಿಯ ಚೀಟಿಯ ಹಿಂದೆ, ಭಾನುವಾರ ಮೂರು ಗಂಟೆಗೆ ಮನೆಗೆ ಬರಬೇಕು ಎಂದು ಬರೆದುಕೊಟ್ಟರು.

ಹಾಗೆ ನಾನು ಬ್ರಿಜ್ ಕಲಿತೆ. ನಾಲ್ಕು ಜನರ ಆಟ, ಎದುರುಬದುರು ಕೂತವರು ಒಂದು ಜೋಡಿ. ಆಟಕ್ಕೆ ಮೊದಲು ಏಲಂ ಕೂಗಿದ ಹಾಗೆ, ಹಾರ್ಟ್, ಸ್ಪೇಡ್, ಡೈಮಂಡ್ ಹೀಗೆ ಯಾವ ಬಣ್ಣದಲ್ಲಿ ಎಷ್ಟು ಗೆಲ್ಲುತ್ತೇವೆಂದು ಸರದಿಯ ಮೇಲೆ ಏರಿಸುತ್ತ ಕೂಗಬೇಕು, ಬಲ ಸಾಲದಿದ್ದರೆ ಪಾಸ್ ಎನ್ನಬೇಕು. ಎಲೆ ತೋರಿಸುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಜೊತೆಗಾರ ತಡೆದು ಯೋಚಿಸಿದ್ದನ್ನು ನೋಡಿ ಅದರ ಲಾಭ ಪಡೆಯುವಂತೆಯೂ ಇಲ್ಲ. ಜೊತೆಗಾರನ ಕೈಯಲ್ಲಿ ಏನಿದೆಯೆಂದು ಆ ಕೂಗಿನಿಂದಲೇ ತಿಳಿಯಬೇಕು. ಯಾವ ಕೂಗಿಗೆ ಏನರ್ಥ ಎಂದು ಜೋಡಿಗಳು ಮೊದಲೇ ಒಪ್ಪಂದ ಮಾಡಿಕೊಳ್ಳಬಹುದು. ಡಾಕ್ಟರಮ್ಮ ನಮ್ಮ ಒಪ್ಪಂದಗಳನ್ನು ಎರಡು ಪ್ರತಿ ಬರೆದಿದ್ದರು. ಎರಡನೆಯದು ಯಾರಿಗೆಂದು ಕೇಳಿದ್ದಕ್ಕೆ, "ಎದುರು ಕೂತವರಿಗೆ. ನಮ್ಮೊಳಗೆ ಎಂತ ಮಾತು ಉಂಟು ಅಂತ ಅವರಿಗೂ ಗೊತ್ತಿರ್ಬೇಕು. ಇಲ್ಲದಿದ್ರೆ ಅದು ಆಟ ಅಲ್ಲ ಮಾಸ್ತರೇ, ಕಳ್ಳತನ" ಎಂದರು.

ಇದರಿಂದ ಅವರು ಶಾಂತಮೂರ್ತಿ ಎಂದುಕೊಳ್ಳಬೇಡಿ. ಅವರಷ್ಟು ಸೇಡಿನ ಮನುಷ್ಯರನ್ನು ನಾನು ನೋಡಿಲ್ಲ. ಮೂರನೆಯದೂ ಹೆಣ್ಣಾಯಿತೆಂದು ಬಾಣಂತಿಯ ಮುಖ ನೋಡದೆ ಹೊರಟಿದ್ದ ನರಿಮೊಗರಿನ ಗಂಡನೊಬ್ಬನನ್ನು ಗೇಟಿನಲ್ಲಿ ತಡೆದು, ಕಣ್ಣಿನ ರೆಪ್ಪೆ ಎಳೆದು ನೋಡಿ, "ನಿಮಗೆ ರಕ್ತ ಭಾರೀ ಕಮ್ಮಿ ಉಂಟಲ್ಲ ಮಾರಾಯ್ರೆ" ಎಂದು ಹೆದರಿಸಿದರು. ಶುದ್ಧ ಸಸ್ಯಾಹಾರಿಯಾದ ಆತ ಒಂದು ತಿಂಗಳು ದಿನಾ ಬಂದು, ಹೆಂಡತಿಯ ಮಂಚದ ಪಕ್ಕದಲ್ಲಿ ನಿಂತು ಮೀನೆಣ್ಣೆ ಕುಡಿದ. ಅಷ್ಟರಲ್ಲಿ ಮಗುವನ್ನು ಎತ್ತಿಕೊಳ್ಳಲೂ ಕಲಿತ. ಡಾಕ್ಟರಮ್ಮನಿಗೆ ಕೋಪ ಬಂದರೆ ಸ್ವರ ಏರುತ್ತಿರಲಿಲ್ಲ. ಅವರು ಕಾಯುತ್ತಿದ್ದರು, ಅಷ್ಟೇ.

ನಮ್ಮ ಊರಿನ ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಜೋಡಿಗಳ ಬ್ರಿಜ್ ಸ್ಪರ್ಧೆ ನಡೆಯುತ್ತಿತ್ತು, ಗೆದ್ದವರಿಗೆ ಬಹುಮಾನವಾಗಿ ಬೆಳ್ಳಿ ಕಪ್ಪು. ಹೆಂಗಸರು ಕಾರ್ಡ್ ರೂಮಿಗೆ ಬರುವುದು ರೂಢಿಯಲ್ಲಿರಲಿಲ್ಲ. ಕ್ಲಬ್ಬಿನ ಅರ್ಧಕ್ಕರ್ಧ ಸದಸ್ಯರ ಮಕ್ಕಳನ್ನು ಭೂಮಿಗೆ ತಂದ ಕೈಯನ್ನು ಬಾಗಿಲಲ್ಲಿ ತಡೆಯುವುದಾದರೂ ಹೇಗೆ? ಆ ವರ್ಷ ಅವರನ್ನು ಸೇರಿಸಿಕೊಂಡರು. ನಾನು ಅವರ ಜೋಡಿ.

ಕೊನೆಯ ಪಂದ್ಯ ನಮಗೂ ವಕೀಲರ ಜೋಡಿಗೂ. ವಕೀಲರೆಂದರೆ ಜರಿ ಶಾಲು, ನಶ್ಯದ ಡಬ್ಬಿ, ಎದುರಿನವನು ಮಾತು ಮುಗಿಸುವ ಮೊದಲೇ ಉತ್ತರ. ಅವರ ಜೊತೆಗಾರರು ಸುಳ್ಯದ ಕಡೆಯ ಸಾಹುಕಾರರು, ಮನೆಯಲ್ಲಿ ಆ ಕಡೆಯ ಗೌಡರ ಅರೆಭಾಷೆ, ಹೊರಗೆ ಎಲ್ಲ ಭಾಷೆ. ಆಟ ಸಮಸಮವಾಗಿ ಸಾಗಿತ್ತು. ನಾನು ಒಂದು ಹಾರ್ಟ್ ಎಂದು ಕೂಗಿದೆ. ವಕೀಲರು ಒಮ್ಮೆಲೇ ಮೂರು ಸ್ಪೇಡಿಗೆ ಹಾರಿದರು. ಡಾಕ್ಟರಮ್ಮ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿದರು. ಯೋಚನೆ ಬಂದಾಗ ಹಾಗೆ ಸರಿಸುವುದು ಅವರ ಅಭ್ಯಾಸ. ತುಂಬ ಹೊತ್ತು ಎಲೆ ನೋಡಿ ಕನ್ನಡಕ ಇಳಿಸಿ ಪಾಸ್ ಎಂದರು. ಸಾಹುಕಾರರೂ ಪಾಸ್. ಸರದಿ ನನಗೆ ಬಂತು.

ನನ್ನ ಕೈಯಲ್ಲಿ ಇನ್ನೊಂದು ಕೂಗು ಕೂಗುವಷ್ಟು ಬಲ ಇರಲಿಲ್ಲ. ಆದರೆ ಆ ಕನ್ನಡಕ ಮೇಲೆ ಹೋದದ್ದನ್ನು ನಾನು ನೋಡಿದ್ದೆ. ಅವರ ಕೈಯಲ್ಲಿ ಏನೋ ಇದೆ, ಕೂಗಲು ಸ್ವಲ್ಪ ಸಾಲದು, ಅಷ್ಟೇ. ನಾಲ್ಕು ಹಾರ್ಟ್ ಎಂದೆ. ಗೆದ್ದೆವು.

ವಕೀಲರು ಎಲೆಗಳನ್ನು ಮೇಜಿನ ಮೇಲೆ ಬಡಿದರು. "ಎಂತ ಆಟ ಮಾರಾಯ್ರೆ ಇದು! ಡಾಕ್ಟರಮ್ಮ ಕನ್ನಡಕ ಎತ್ತುದು, ಮಾಸ್ತ್ರು ಕೂಗುದು! ಇದು ನಿಮ್ಮ ಯಾವ ಚೀಟಿಯಲ್ಲಿ ಬರ್ದುಂಟು?"

ಕಾರ್ಡ್ ರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರಮ್ಮ ಮಾತ್ರ ನನ್ನನ್ನು ನೋಡಿದರು. "ಮಾಸ್ತರೇ, ನಾನು ಯೋಚನೆ ಮಾಡಿದ್ದು ನೋಡಿ ಕೂಗಿದ್ದಾ?"

"ಇಲ್ಲ, ನನ್ನ ಎಲೆ ನೋಡಿಯೇ ಕೂಗಿದ್ದು" ಎಂದೆ. ಸುಳ್ಳು. ಕಣ್ಣು ಮಿಟುಕಿಸದೆ ಹೇಳಿದ ಸುಳ್ಳು.

"ಮಾಸ್ತರು ಇಲ್ಲ ಅಂದ್ರೆ ಇಲ್ಲ" ಎಂದು ಅವರು ವಕೀಲರಿಗೆ ಹೇಳಿದರು. ಕ್ಲಬ್ಬಿನವರು ವಕೀಲರ ಮಾತನ್ನೇ ಹಿಡಿದು ಆ ಆಟವನ್ನು ರದ್ದು ಮಾಡಿದರು. ಡಾಕ್ಟರಮ್ಮ ಸನ್ನೆ ಮಾಡಿದರೆಂದು ರಿಜಿಸ್ಟರಿನಲ್ಲಿ ಬರೆದರು. ಕ್ಷಮಾಪಣೆ ಬರೆದುಕೊಡುವವರೆಗೆ ಅವರು ಕ್ಲಬ್ಬಿಗೆ ಬರಬಾರದೆಂದರು, ನನಗೆ ಅಡ್ಡಿಯಿರಲಿಲ್ಲ. ಡಾಕ್ಟರಮ್ಮ ಬರೆದುಕೊಡಲಿಲ್ಲ. ವಾರದೊಳಗೆ ಪೇಟೆಯಲ್ಲಿ ಸುದ್ದಿಯಾಯಿತು. ನೂರಾರು ಹೆರಿಗೆ ಮಾಡಿಸಿದ ಹೆಂಗಸನ್ನು ನೋಡಿ ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯವರು ಕನ್ನಡಕ ಮೇಲೆ ಕೆಳಗೆ ಮಾಡಿ ತೋರಿಸಿ ನಗುವಂತಾಯಿತು. ಮುಂದಿನ ಭಾನುವಾರ ಹೋದಾಗ ಕನ್ನಡಕಕ್ಕೆ ಕಪ್ಪು ದಾರ ಬಂದಿತ್ತು. ಇನ್ನು ಅದು ಹಣೆಗೆ ಏರುವಂತಿರಲಿಲ್ಲ.

ಅಂದಿನಿಂದ ಒಂದು ವರ್ಷ ನನ್ನನ್ನು ಅರೆದುಬಿಟ್ಟರು. ಆಸ್ಪತ್ರೆಯ ಕಂಪೌಂಡರನ್ನೂ ಪೋಸ್ಟ್ ಮಾಸ್ತರರನ್ನೂ ಎದುರು ಜೋಡಿಯಾಗಿ ಕೂರಿಸಿ, ನಾಡಿ ನೋಡುವ ಗಡಿಯಾರವನ್ನು ಮೇಜಿನ ಮೇಲೆ ಇಡುತ್ತಿದ್ದರು. ಎಲೆ ಒಳ್ಳೆಯದಿರಲಿ, ಕೆಟ್ಟದಿರಲಿ, ಪ್ರತಿ ಕೂಗಿಗೂ ಮೊದಲು ಮನಸ್ಸಿನಲ್ಲಿ ಮೂರು ಎಣಿಸಬೇಕು. ಎರಡಕ್ಕೆ ಕೂಗಿದರೂ ತಪ್ಪು, ಐದಕ್ಕೆ ಕೂಗಿದರೂ ತಪ್ಪು. "ಎಲೆ ಎಣಿಸ್ಲಿಕ್ಕೆ ಎಲ್ಲರಿಗೂ ಬರ್ತದೆ. ಬಾಯಿ ಎಲ್ಲಿ ಮುಚ್ಚುದು ಅಂತ ಕಲೀರಿ" ಎನ್ನುತ್ತಿದ್ದರು. ಇದೆಲ್ಲ ವಕೀಲರ ಮೇಲಿನ ಸೇಡಿನ ತಯಾರಿ ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಮಾಡಿದ್ದು ನಾನು, ಬೈಸಿಕೊಂಡದ್ದು ಅವರು. ಆ ಪಾಪದ ಭಾರವನ್ನೂ ವಕೀಲರ ಮೇಲಿನ ದ್ವೇಷವಾಗಿ ಮಾಡಿಕೊಂಡಿದ್ದೆ. ದ್ವೇಷಿಸುವುದು ಒಪ್ಪಿಕೊಳ್ಳುವುದಕ್ಕಿಂತ ಸುಲಭ.

ಆ ವರ್ಷ ನಾನು ಇನ್ನೊಂದು ಕೆಲಸ ಮಾಡಿದೆ. ಸಂಜೆ ಕ್ಲಬ್ಬಿಗೆ ಹೋಗಿ ವಕೀಲರ ಮೇಜಿನ ಹತ್ತಿರ ಪೇಪರು ಓದುತ್ತ ಕೂರುತ್ತಿದ್ದೆ. ನಮ್ಮಲ್ಲಿ ಕೂಗಿಗೆ ಇಂಥದೇ ಭಾಷೆ ಎಂದಿರಲಿಲ್ಲ. ಒಬ್ಬರು ಒಂದು ಎಂದರೆ ಇನ್ನೊಬ್ಬರು ತುಳುವಿನಲ್ಲಿ ಒಂಜಿ ಎನ್ನುತ್ತಿದ್ದರು. ಯಾರಿಗೂ ಅದು ವಿಶೇಷವೆನಿಸುತ್ತಿರಲಿಲ್ಲ. ಎರಡು ತಿಂಗಳು ಕೇಳಿದ ಮೇಲೆ ನನಗೆ ಹೊಳೆಯಿತು. ವಕೀಲರು, ಸಾಹುಕಾರರು ತುಳುವಿನಲ್ಲಿ ಕೂಗಿದಾಗಲೆಲ್ಲ ಕೈ ಭಾರೀ ಬಲವಾಗಿರುತ್ತಿತ್ತು. ಕನ್ನಡದಲ್ಲಿ ಕೂಗಿದರೆ ಸಾಧಾರಣ ಕೈ. ಇಬ್ಬರೂ ಹಾಗೆಯೇ! ನಮ್ಮ ಮೇಲೆ ಸನ್ನೆಯ ಅಪವಾದ ಹೊರಿಸಿದವರು ಎಲ್ಲರ ಕಿವಿಯೆದುರಿಗೇ ಗಟ್ಟಿ ಸ್ವರದಲ್ಲಿ ಸನ್ನೆ ಮಾಡುತ್ತಿದ್ದರು.

ಓಡಿಹೋಗಿ ಡಾಕ್ಟರಮ್ಮನಿಗೆ ಹೇಳಿದೆ. "ನಾಳೆಯೇ ಕ್ಲಬ್ಬಿನ ಬೋರ್ಡಿಗೆ ಬರೆದು ಅಂಟಿಸುತ್ತೇನೆ. ಅವರ ಮಾನ ಹರಾಜು ಹಾಕುತ್ತೇನೆ!"

"ಬೇಡ. ವಕೀಲರಲ್ವಾ, ವಾದ ಮಾಡಿ ತಪ್ಪಿಸಿಕೊಳ್ತಾರೆ" ಎಂದರು. ಆಮೇಲೆ ನಕ್ಕರು, ಆ ನಗೆ ಮೀನೆಣ್ಣೆ ಕುಡಿದವನಿಗೆ ಗೊತ್ತು. "ನನಗೆ ಅವರು ಕೂತಲ್ಲೇ ಬೆವರುದು ನೋಡ್ಬೇಕು."

ಮರುವರ್ಷ ಸ್ಪರ್ಧೆಗೆ ಒಂದು ಜೋಡಿ ಕಡಿಮೆ ಬಿತ್ತು. ಕ್ಲಬ್ಬಿನ ಕಾರ್ಯದರ್ಶಿಗಳು ತಾವೇ ಆಸ್ಪತ್ರೆಗೆ ಬಂದು, ಕ್ಷಮಾಪಣೆಯ ಮಾತೆತ್ತದೆ ನಮ್ಮನ್ನು ಕರೆದರು. ಗೆಲ್ಲುತ್ತ ಗೆಲ್ಲುತ್ತ ಕೊನೆಯ ಪಂದ್ಯಕ್ಕೆ ಬಂದೆವು. ಎದುರಿಗೆ ಅದೇ ಜೋಡಿ. ಭಾನುವಾರ ಮಧ್ಯಾಹ್ನ, ಕಾರ್ಡ್ ರೂಮಿನ ತುಂಬ ಜನ.

ಎಲೆ ಹಂಚುವ ಮೊದಲು ಡಾಕ್ಟರಮ್ಮ ನಮ್ಮ ಒಪ್ಪಂದದ ಚೀಟಿಯನ್ನು ಮೇಜಿನ ಮೇಲಿಟ್ಟು ಹೇಳಿದರು, "ಇವತ್ತು ನಾಲ್ಕೂ ಜನ ಒಂದೇ ಭಾಷೆಯಲ್ಲಿ ಕೂಗುವ. ಕನ್ನಡವಾದ್ರೆ ಕನ್ನಡ, ತುಳುವಾದ್ರೆ ತುಳು. ಯಾವ್ದು ಆಗ್ಬಹುದು? ನೀವೇ ಹೇಳಿ ವಕೀಲರೇ."

ಎದುರಿನವನು ಮಾತು ಮುಗಿಸುವ ಮೊದಲೇ ಉತ್ತರ ಕೊಡುವ ವಕೀಲರು ನಶ್ಯದ ಡಬ್ಬಿಯನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. "ಅದಕ್ಕೆಂತ... ಕನ್ನಡ ಆಗ್ಲಿ" ಎಂದರು. ಸಾಹುಕಾರರು ಮೇಜನ್ನೇ ನೋಡುತ್ತಿದ್ದರು.

ಆಮೇಲಿನ ಒಂದೂವರೆ ಗಂಟೆಯ ಸುಖವನ್ನು ಏನೆಂದು ಬರೆಯಲಿ! ಅವರಿಬ್ಬರೂ ಕತ್ತಲೆಯಲ್ಲಿ ತಡಕಾಡಿದರು. ಸಾಹುಕಾರರು ಎರಡು ಸಲ ವಕೀಲರ ಕೂಗನ್ನು ತಪ್ಪು ತಿಳಿದು ಮುಗ್ಗರಿಸಿದರು. ವಕೀಲರ ಜರಿ ಶಾಲು ಕುರ್ಚಿಯ ಬೆನ್ನಿಗೆ ಹೋಯಿತು, ಅಂಗಿ ಬೆನ್ನಿಗೆ ಅಂಟಿತು. ಕೊನೆಯ ಎಲೆ ಹಂಚುವಾಗ ಇನ್ನೊಂದು ಆಟ ಯಾರದೋ ಕಪ್ಪು ಅವರದು ಎನ್ನುವಲ್ಲಿಗೆ ಬಂದಿತ್ತು. ಗೆಲುವು ನಮ್ಮ ಕಡೆಗೇ ವಾಲಿತ್ತು.

ಡಾಕ್ಟರಮ್ಮ ಒಂದು ಸ್ಪೇಡ್ ಎಂದರು. ಸಾಹುಕಾರರು ಹತಾಶರಾಗಿ ನಾಲ್ಕು ಡೈಮಂಡಿಗೆ ಹಾರಿದರು. ಸರದಿ ನನ್ನದು. ನನ್ನದು ಪಾಸ್ ಎನ್ನಲೇಬೇಕಾದ ಕೈ, ಯೋಚಿಸಲು ಏನೂ ಇರಲಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಎಲೆ ನೋಡುತ್ತಿರಲಿಲ್ಲ. ವಕೀಲರ ಕೆನ್ನೆಯ ಮೇಲೆ ಇಳಿಯುತ್ತಿದ್ದ ಬೆವರನ್ನು ನೋಡುತ್ತಿದ್ದೆ. ಗೆದ್ದ ಮೇಲೆ ಎದ್ದು ನಿಂತು ಏನು ಹೇಳಬೇಕು, ತುಳುವಿನಲ್ಲಿ ಹೇಳಲೋ ಕನ್ನಡದಲ್ಲಿ ಹೇಳಲೋ ಎಂದು ಸವಿಯುತ್ತಿದ್ದೆ. ಮೂರು ಎಣಿಸುವುದು ಮರೆತೇಹೋಯಿತು. ಎಚ್ಚರವಾದಾಗ ಅರ್ಧ ನಿಮಿಷ ಕಳೆದುಹೋಗಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗಾಬರಿಯಿಂದ ಪಾಸ್ ಎಂದೆ. ವಕೀಲರೂ ಪಾಸ್.

ಡಾಕ್ಟರಮ್ಮ ನನ್ನತ್ತ ತಲೆಯೆತ್ತಿದರು. ದಾರ ಬಿಗಿದ ಕನ್ನಡಕ ಅಲುಗಲಿಲ್ಲ. ಮೂರು ಎಣಿಸುವಷ್ಟು ಹೊತ್ತು. "ಪಾಸ್" ಎಂದರು.

ಸಾಹುಕಾರರು ನಾಲ್ಕು ಡೈಮಂಡ್ ಆಡಿ ಹೇಗೋ ಗೆದ್ದರು. ಕಪ್ಪು ಅವರದಾಯಿತು. ವಕೀಲರು ಎದ್ದು ಶಾಲು ಹೊದ್ದುಕೊಳ್ಳುತ್ತಿದ್ದಾಗ ಡಾಕ್ಟರಮ್ಮ ರಾಶಿಯಿಂದ ತಮ್ಮ ಹದಿಮೂರು ಎಲೆಗಳನ್ನು ಆರಿಸಿ ಸಾಲಾಗಿ ಇಟ್ಟರು. ಎಕ್ಕ, ರಾಜ ಸೇರಿ ಆರು ಸ್ಪೇಡ್, ಹೊರಗೆ ಇನ್ನೊಂದು ಎಕ್ಕ. ಹತ್ತು ಜನರಲ್ಲಿ ಎಂಟು ಜನ ನಾಲ್ಕು ಸ್ಪೇಡ್ ಎಂದುಬಿಡುವ ಕೈ. ಎಂದಿದ್ದರೆ ನಾವು ಗೆಲ್ಲುತ್ತಿದ್ದೆವು. ಸುತ್ತ ನಿಂತವರು ಎಲೆ ನೋಡಿದರು, ಅವರನ್ನು ನೋಡಿದರು, ಇಷ್ಟು ಹೊತ್ತು ತಡೆದ ನನ್ನನ್ನು ನೋಡಿದರು. ನಾನು ತಡೆದದ್ದೇ ಸನ್ನೆಯ ಹಾಗೆ ಆಗಿತ್ತು, ಅದರ ಲಾಭ ಪಡೆಯಬಾರದೆಂದೇ ಅವರು ಪಾಸ್ ಎಂದದ್ದು ಎಂದು ಎಲ್ಲರಿಗೂ ಅರ್ಥವಾಯಿತು.

"ಹೋದ ವರ್ಷ ನೀವು ಕೇಳಿದ್ರಲ್ಲ ವಕೀಲರೇ, ಇದು ಎಂತ ಆಟ ಅಂತ. ನಮ್ಮದು ಈ ಆಟ" ಎಂದರು.

ಕಪ್ಪು ಕೊಡುವಾಗ ಒಂದು ಕೈಯೂ ಚಪ್ಪಾಳೆ ತಟ್ಟಲಿಲ್ಲ. ಕಾರ್ಯದರ್ಶಿಗಳು ರಿಜಿಸ್ಟರು ತರಿಸಿ, ಹಳೆಯ ಸಾಲಿನ ಮೇಲೆ ಎಲ್ಲರೆದುರು ಗೀಟು ಎಳೆದರು.

ಆಸ್ಪತ್ರೆಗೆ ಹಿಂತಿರುಗುವ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಆ ಕೈಗೆ ನಾಲ್ಕು ಎಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆ ಕಳ್ಳರಿಗೆ ಯಾಕೆ ಬಿಟ್ಟುಕೊಟ್ಟಿರಿ?"

ಅವರು ನಡಿಗೆ ನಿಲ್ಲಿಸಲಿಲ್ಲ. "ವಕೀಲರು ಅವತ್ತು ಹೇಳಿದ್ದು ಸುಳ್ಳಾಗಿದ್ರೆ ನಾನು ನಾಲ್ಕು ಅಂತಿದ್ದೆ ಮಾಸ್ತರೇ."

ನಾನು ಅಲ್ಲೇ ನಿಂತೆ. ನನ್ನ ಸುಳ್ಳು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಒಂದು ವರ್ಷ ಗಡಿಯಾರ ಇಟ್ಟು ಅರೆದದ್ದು, ದಾರ ಬಿಗಿದದ್ದು, ಗೆಲ್ಲಬಹುದಾಗಿದ್ದ ಕಪ್ಪನ್ನು ಕೈಬಿಟ್ಟದ್ದು ಯಾರ ಮೇಲಿನ ಸೇಡು ಎಂದು ಆಗ ತಿಳಿಯಿತು. ವಕೀಲರಿಗೆ ಬೆವರು ಇಳಿಸಿದ್ದು ಅದರಲ್ಲಿ ಬರೀ ಕಾಲುಭಾಗ.

ಆಮೇಲೂ ಭಾನುವಾರ ಆಡಿದೆವು. ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಒಪ್ಪಿಕೊಳ್ಳಲಿಲ್ಲ. ಹನ್ನೊಂದು ವರ್ಷದ ಮೇಲೆ, ಅರವತ್ತರ ದಶಕದ ಕೊನೆಯಲ್ಲಿ, ಅವರು ಯಾವ ಆಸ್ಪತ್ರೆಯಲ್ಲಿ ನನ್ನ ನಾಡಿ ಹಿಡಿದಿದ್ದರೋ ಅದೇ ಆಸ್ಪತ್ರೆಯಲ್ಲಿ ಮಲಗಿದರು. ಏಳುವುದಿಲ್ಲವೆಂದು ಅವರಿಗೇ ಎಲ್ಲರಿಗಿಂತ ಮೊದಲು ಗೊತ್ತಿತ್ತು. ಮಂಚದ ಪಕ್ಕದಲ್ಲಿ ಕೂತು ಕೊನೆಗೂ ಹೇಳಿದೆ: "ಅವತ್ತು ನಿಮ್ಮ ಕನ್ನಡಕ ನೋಡಿಯೇ ನಾಲ್ಕು ಹಾರ್ಟ್ ಎಂದೆ."

ಕಣ್ಣು ತೆರೆದರು. ತುಟಿಯಲ್ಲಿ ಆ ಹಳೆಯ ನಗು. "ಇಷ್ಟು ಹೊತ್ತಾ? ಮೂರು ಎಣಿಸ್ಲಿಕ್ಕೆ ಹೇಳಿದ್ದೆ ನಾನು."

ಕ್ಷಮಿಸಿದ್ದೇನೆ ಎನ್ನಲಿಲ್ಲ. ಎರಡು ದಿನದಲ್ಲಿ ಹೋದರು. ಕೊನೆಯವರೆಗೂ ಕನ್ನಡಕದ ದಾರ ಹಾಗೆಯೇ ಬಿಗಿದಿತ್ತು. ನರ್ಸು ಅದನ್ನು ಕತ್ತರಿಸಲು ಕತ್ತರಿ ತಂದಾಗ ನಾನು ಹೊರಗೆ ಬಂದುಬಿಟ್ಟೆ.