ಮಂಗಲಳ ಯುದ್ಧನೌಕೆ

ಅಸಂಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಮಂಗಲ ಸಮುದ್ರ ಕಂಡವಳಲ್ಲ. ಆದರೂ ಮೊಬೈಲಿನಲ್ಲಿ ಚಿತ್ರ ನೋಡಿ ನೋಡಿ, ವರ್ಷಗಟ್ಟಲೆ ಕೂತು ಹಳೆಯ ಕಾಲದ ಯುದ್ಧದ ಹಾಯಿಹಡಗೊಂದರ ಮಾದರಿ ಕಟ್ಟಿದಳು. ಗುಂಡಿ ಒತ್ತಿದರೆ ತೋಪಿನ ಕಿಂಡಿಗಳಲ್ಲೆಲ್ಲ ಪುಟ್ಟ ದೀಪಗಳು ಉರಿಯುತ್ತಿದ್ದವು.

ಒಂದು ದಿನ ಅವಳು ಹೊಲಕ್ಕೆ ಹೋದಾಗ ಮೈದುನ ರಾಜಕುಮಾರ ಹಡಗನ್ನು ಜತ್ತ ಪಟ್ಟಣಕ್ಕೆ ಒಯ್ದು, ಪುಢಾರಿಯೊಬ್ಬರ ಸತ್ಕಾರದಲ್ಲಿ ತಾನೇ ಮಾಡಿದ್ದೆಂದು ಕಾಣಿಕೆ ಕೊಟ್ಟ. ಸುದ್ದಿ ಕೇಳಿ ಮಂಗಲಳಿಗೆ ಮೈಯೆಲ್ಲ ಉರಿಯಿತು. ಸಿಕ್ಕ ಜೀಪು ಹತ್ತಿ ಹೋಗಿ, ನೆಟ್ಟಗೆ ವೇದಿಕೆ ಏರಿದಳು.

“ಇದು ನಂದೈತ್ರಿ. ಇಂವ ಕದ್ದು ತಂದಾನ,” ಎಂದು ಹಡಗು ಎತ್ತಿಕೊಂಡಳು. ರಾಜಕುಮಾರ ಕಸಿಯಲು ಬಂದಾಗ ನಡುವಿನ ಹಾಯಿಕಂಬ ಮುರಿಯಿತು, ಅವಳು ಬಿಡಲಿಲ್ಲ.

“ಮಂದಿ ಮುಂದ ಮನಿ ಮರ್ಯಾದಿ ಕಳದಿ ನೋಡು,” ಎಂದು ಮನೆಯಲ್ಲಿ ಗಂಡ ರೇಗಿದ.

“ನಿಮ್ಮ ತಮ್ಮ ಕಳವು ಮಾಡಿದಾಗ ಹೋಗಲಿಲ್ಲೇನ್ರಿ ಮರ್ಯಾದಿ?”

ಮುರಿದ ಕಂಬವನ್ನು ಅವಳು ಮತ್ತೆ ನಿಲ್ಲಿಸಿದಳು. ಮೈದುನನಿಗೆ ಮಾತ್ರ ಇಂದಿಗೂ ಒಂದು ತುತ್ತು ಬಡಿಸಿಲ್ಲ.